ಕೇಳಿಸದ ಪ್ರಾರ್ಥನೆಗೊಂದು ಆಮೆನ್

ತುಮಕೂರಿನ ನಮ್ಮ ಮನೆಯಲ್ಲಿ ಪ್ರಾರ್ಥನೆಗೆಂದೇ ಒಂದು ಚಾಪೆ ಇತ್ತು. ಸಂಜೆ ಏಳಕ್ಕೆ ಅಮ್ಮ ಅದನ್ನು ಹಾಸಿದಳೆಂದರೆ ರೇಡಿಯೋ ನಿಲ್ಲಬೇಕು, ಒಲೆಯ ಮೇಲಿನ ಸಾರು ಕೆಳಗಿಳಿಯಬೇಕು, ನಾವು ನಾಲ್ವರು ಮಕ್ಕಳು ಕಾಲು ಮಡಚಿ ಕುಳಿತು ಕಣ್ಣು ಮುಚ್ಚಬೇಕು. ಅಪ್ಪ ವಾಕ್ಯ ಓದುತ್ತಿದ್ದರು. ಪ್ರಾರ್ಥನೆ ಮಾತ್ರ ಅಮ್ಮನ ಇಲಾಖೆ. ಲೋಕದ ಸಮಾಧಾನ, ಆಸ್ಪತ್ರೆಯ ರೋಗಿಗಳು, ಪರೀಕ್ಷೆ ಬರೆಯುವ ಮಕ್ಕಳು ಎಲ್ಲ ಮುಗಿದ ಮೇಲೆ ಅಮ್ಮ ಸ್ವರವನ್ನು ಒಂದಿಷ್ಟೂ ಬದಲಿಸದೆ, "ಕರ್ತನೇ, ಬೆಳಿಗ್ಗೆ ಡಬ್ಬಿಯಲ್ಲಿದ್ದ ಎಂಟು ಕರ್ಜಿಕಾಯಿ ಸಂಜೆಗೆ ಮೂರಾಗಿವೆ, ತಿಂದವರಿಗೆ ಒಪ್ಪಿಕೊಳ್ಳುವ ಧೈರ್ಯ ಕೊಡು" ಎನ್ನುತ್ತಿದ್ದಳು. ಸರ್ವಜ್ಞನಾದ ದೇವರಿಗೆ ಈ ಸುದ್ದಿ ಮೊದಲೇ ತಲುಪಿರುತ್ತದೆಂಬುದು ನಮಗೂ ಗೊತ್ತಿತ್ತು. ಮಾತು ನನ್ನ ಅಣ್ಣನಿಗೆ. "ಈ ಮನೆಯ ಯಜಮಾನರಿಗೆ ಸೈಕಲ್ಲಿನ ಬ್ರೇಕು ಸರಿಮಾಡಿಸುವ ಮನಸ್ಸು ಕೊಡು" ಎಂಬುದು ಅಪ್ಪನಿಗೆ. ಅಪ್ಪನೂ ನಮ್ಮೊಂದಿಗೆ "ಆಮೆನ್" ಎನ್ನಲೇಬೇಕಾಗಿತ್ತು, ಎಂದ ಮೇಲೆ ಮರುದಿನ ಬ್ರೇಕು ಸರಿಹೋಗಲೇಬೇಕಾಗಿತ್ತು.

ನಮ್ಮ ಜನಕ್ಕೆ ಬಾಯಿಬಿಟ್ಟು ಕೇಳುವುದು ಬಹಳ ಕಷ್ಟ, ನೋಡಿ. ಕಾಯಿಲೆಯೆಂದರೆ ಎದುರಿನವರು ಗಾಬರಿಯಾಗುತ್ತಾರೆ, ಸಹಾಯ ಬೇಕೆಂದರೆ ಅವರಿಗೆ ಭಾರವಾಗುತ್ತೇವೆ, ಬೇಸರವಾಗಿದೆ ಎಂದರೆ ಚಾಡಿಯಾಗುತ್ತದೆ. ಅದಕ್ಕೆ ಯಾರೋ ಹಿರಿಯರು ಕಂಡುಕೊಂಡ ಉಪಾಯ ಇದಿರಬೇಕು: ಅರ್ಜಿಯನ್ನು ಪರಲೋಕಕ್ಕೆ ಬರೆಯುವುದು, ಓದುವಾಗ ಮಾತ್ರ ಪಕ್ಕದ ಚಾಪೆಯವರಿಗೆ ಚೆನ್ನಾಗಿ ಕೇಳುವಂತೆ ಓದುವುದು. ಕಚೇರಿಯ ಇಮೇಲುಗಳಲ್ಲಿ ವಿಳಾಸ ಒಬ್ಬರದಾಗಿದ್ದು ನಕಲು ಹತ್ತು ಜನಕ್ಕೆ ಹೋಗುವುದನ್ನು ಮೊದಲ ಸಲ ಕಂಡಾಗ ನನಗೆ ಏನೂ ಆಶ್ಚರ್ಯವಾಗಲಿಲ್ಲ. ಅಮ್ಮ ಅದನ್ನು ದಿನವೂ ಸಂಜೆ ಏಳಕ್ಕೆ ಮಾಡುತ್ತಿದ್ದಳು. ಇದನ್ನು ಕಪಟ ಎನ್ನಬೇಡಿ. ದೇವರನ್ನು ನಡುವೆ ಕೂರಿಸಿಕೊಂಡಾಗ ಕೇಳುವವನ ಮಾನವೂ ಉಳಿಯುತ್ತದೆ, ಕೊಡುವವನಿಗೆ ತಪ್ಪಿಸಿಕೊಳ್ಳುವ ದಾರಿಯೂ ಇರುವುದಿಲ್ಲ.

ಈಗ ನಾನಿರುವುದು ಸಿಯಾಟಲ್ ಪಕ್ಕದ ಬಾಥೆಲ್‌ನಲ್ಲಿ. ಕೆಲಸ ಬೆಲ್ವ್ಯೂನ ಗಾಜಿನ ಕಟ್ಟಡವೊಂದರ ಒಂಬತ್ತನೇ ಮಹಡಿಯಲ್ಲಿ. ಬೇರೆಯವರು ಬರೆದ ತಂತ್ರಾಂಶದ ಗುಂಡಿಗಳನ್ನು ಒತ್ತಿ ಒತ್ತಿ, ಎಲ್ಲಿ ಕೆಡುತ್ತದೆಂದು ಪತ್ತೆಹಚ್ಚಿ ಹೇಳುವುದು ನನ್ನ ಹೊಟ್ಟೆಪಾಡು. ದಿನಕ್ಕೆ ಐದಾರು ಸಭೆಗಳು ಪರದೆಯ ಮೇಲೆಯೇ ನಡೆಯುತ್ತವೆ, ಪ್ರತಿಯೊಂದೂ "ಕೇಳಿಸ್ತಿದೆಯಾ?" ಎಂಬ ಪ್ರಶ್ನೆಯಿಂದಲೇ ಶುರುವಾಗುತ್ತದೆ. ಹಿಂದೆ ಅಂಚೆ ಕಚೇರಿಯಲ್ಲಿ ಟ್ರಂಕ್ ಕಾಲ್ ಹಚ್ಚಿ ಬೊಬ್ಬೆ ಹೊಡೆಯುತ್ತಿದ್ದವರೂ ಇದನ್ನೇ ಕೇಳುತ್ತಿದ್ದರು. ಇಷ್ಟೆಲ್ಲ ತಂತಿ, ಗೋಪುರ, ಉಪಗ್ರಹಗಳಾದ ಮೇಲೂ ಮನುಷ್ಯ ಮನುಷ್ಯನನ್ನು ಮೊದಲು ಕೇಳುವ ಪ್ರಶ್ನೆ ಬದಲಾಗಿಲ್ಲವಲ್ಲ ಎಂದು ನನಗೆ ಒಳಗೊಳಗೇ ಒಂದು ಖುಷಿ.

ಇಲ್ಲಿ ನಾವು ಎಂಟು ಮನೆಯವರು ಸೇರಿ ಒಂದು ಕನ್ನಡ ಪ್ರಾರ್ಥನಾ ಕೂಟ ನಡೆಸುತ್ತೇವೆ. ಭಾನುವಾರ ಅವರವರ ಮನೆಗೆ ಹತ್ತಿರದ ಸಭೆಯಲ್ಲಿ ಇಂಗ್ಲಿಷಿನ ಆರಾಧನೆ. ಗುರುವಾರ ಸಂಜೆ ಏಳಕ್ಕೆ ಕನ್ನಡ. ಇಂಗ್ಲಿಷಿನಲ್ಲಿ ದೇವರಿಗೆ ಕೇಳಿಸುವುದಿಲ್ಲವೆಂದಲ್ಲ. ಆದರೆ ಕಾಲು ಎಡವಿದಾಗ ಯಾವ ಭಾಷೆ ಬಾಯಿಗೆ ಬರುತ್ತದೋ ಆ ಭಾಷೆಯಲ್ಲಿ ಬೇಡಿಕೊಂಡರೆ ಬೇಡಿಕೊಂಡಂತೆ ಆಗುತ್ತದೆ. ಕೂಟವನ್ನು ಶುರುಮಾಡಿದವರು ರೆಂಟನ್‌ನ ದೇವದಾನ ಅಂಕಲ್ ಮತ್ತು ಅವರ ಹೆಂಡತಿ ಕರುಣಾ ಆಂಟಿ. ಅಂಕಲ್ ಮೈಸೂರಿನವರು, ನಮ್ಮಂಥವರು ಇತ್ತ ತಲೆಹಾಕುವ ಎಷ್ಟೋ ಮೊದಲೇ ಇಲ್ಲಿಗೆ ಓದಲು ಬಂದು, ವಿಮಾನದ ರೆಕ್ಕೆಗಳ ಗಣಿತ ಮಾಡಿಕೊಂಡು ನಿವೃತ್ತರಾದವರು. ಹೊಸದಾಗಿ ಬಂದಿಳಿದ ಯಾರಿಗೇ ಆಗಲಿ ಮೊದಲ ವಾರದ ಊಟ ಅವರ ಮನೆಯಲ್ಲಿ, ಮೊದಲ ಕಾರು ಕಲಿಕೆ ಅವರ ಪಕ್ಕದ ಸೀಟಿನಲ್ಲಿ. ನಾನು ಹೆದ್ದಾರಿಗೆ ಕಾರು ಇಳಿಸಲು ಹೆದರಿ ರಸ್ತೆಯ ಅಂಚಿನಲ್ಲಿ ನಿಲ್ಲಿಸಿಕೊಂಡು ಅತ್ತಾಗ, ಪಕ್ಕದಲ್ಲಿ ಕುಳಿತು ಕಿತ್ತಳೆ ಸುಲಿದು ಕೊಟ್ಟವರು ಅವರೇ.

ಎಲ್ಲರೂ ಮನೆಯಲ್ಲೇ ಉಳಿಯಬೇಕಾಗಿ ಬಂದ ಆ ಕಾಲದಲ್ಲಿ ನಮ್ಮ ಕೂಟವೂ ಪರದೆಗೆ ಏರಿತು, ಆಮೇಲೆ ಇಳಿಯಲೇ ಇಲ್ಲ. ಇಳಿಯದಿರಲು ಬೇಕಾದಷ್ಟು ಕಾರಣಗಳಿದ್ದವು: ಸಂಜೆಯ ಟ್ರಾಫಿಕ್ಕು, ಸರೋವರದ ಮೇಲಿನ ಸೇತುವೆ, ಮಕ್ಕಳ ಈಜು. ಪರದೆಯನ್ನು ಬೈಯುವುದು ಈಗೊಂದು ಫ್ಯಾಷನ್ನು. ನನಗೆ ಆ ಹಕ್ಕಿಲ್ಲ, ನಾನು ತಿನ್ನುವುದು ಅದರ ಅನ್ನ. ಅಷ್ಟಲ್ಲದೆ ಅದರಿಂದಾದ ಉಪಕಾರವೇನು ಸಣ್ಣದೇ? ನಮ್ಮಲ್ಲೊಬ್ಬಳು ನರ್ಸ್ ಪಾಳಿಗೆ ಹೋಗುವ ಮೊದಲು ಆಸ್ಪತ್ರೆಯ ಪಾರ್ಕಿಂಗಿನಿಂದ ಸೇರುತ್ತಾಳೆ. ಸೌತ್ ಲೇಕ್ ಯೂನಿಯನ್ನಿನ ಹೊಸ ದಂಪತಿ ಮಗುವಿಗೆ ಹಾಲು ಕುಡಿಸುತ್ತಲೇ ಸೇರುತ್ತಾರೆ. ಹಾಡು ಮಾತ್ರ ಹದಗೆಟ್ಟಿತು. ಒಂದೇ ಕೀರ್ತನೆಯನ್ನು ಎಂಟು ಮನೆಗಳು ಒಂದೊಂದು ಕ್ಷಣ ಹಿಂದುಮುಂದಾಗಿ ಹಾಡಿ, ಯಾರು ಮೊದಲು ಮುಗಿಸಿದರೋ ಅವರು ಉಳಿದವರಿಗಾಗಿ ಕಾಯುತ್ತ ಕುಳಿತುಕೊಳ್ಳುತ್ತಾರೆ.

ಗುಂಡಿ ಒತ್ತುವುದು ನನ್ನ ಕಸುಬಾದ್ದರಿಂದ ಕೂಟದ ಯಂತ್ರವ್ಯವಹಾರವೂ ನನ್ನ ಪಾಲಿಗೇ ಬಂತು. ಈಗ ಹೇಳುವ ಪ್ರಕರಣದ ಹಿಂದಿನ ವಾರ ದೇವದಾನ ಅಂಕಲ್ ಪ್ರಾರ್ಥನೆಯ ನಡುವಿದ್ದಾಗ ಯಾರದೋ ಮನೆಯ ಕುಕ್ಕರ್ ಒಂದಲ್ಲ ಎರಡಲ್ಲ, ಐದು ಸೀಟಿ ಹೊಡೆದಿತ್ತು. ಯಾರದೋ ಏನು, ನಮ್ಮದೇ. ನನ್ನ ಗಂಡ ಪ್ರಕಾಶ್ ಬೇಳೆ ಇಟ್ಟು ಬಂದಿದ್ದರು. ಆ ಅವಮಾನ ಮರುಕಳಿಸದಿರಲೆಂದು ಈ ಸಲ ಹಾಡು ಮುಗಿದೊಡನೆ ಎಲ್ಲರ ಮೈಕನ್ನೂ ಒಂದೇ ಏಟಿಗೆ ಬಂದ್ ಮಾಡಿಬಿಟ್ಟೆ. ಅಂಕಲ್ ಕೈಜೋಡಿಸಿದರು, ಕಣ್ಣು ಮುಚ್ಚಿದರು, ತುಟಿಗಳು ಅಲುಗತೊಡಗಿದವು. ನಾವೂ ಕಣ್ಣು ಮುಚ್ಚಿದೆವು. ಏನೂ ಕೇಳಿಸಲಿಲ್ಲ.

ಮೊದಲು ನಮ್ಮ ಸ್ಪೀಕರಿನದೇ ದೋಷವೆಂದುಕೊಂಡೆ. ಒಂದು ಕಣ್ಣನ್ನು ಅರ್ಧ ತೆರೆದು ನೋಡಿದರೆ ಅಂಕಲ್ ಹೆಸರಿನ ಪಕ್ಕದಲ್ಲಿ ಮೈಕಿನ ಚಿತ್ರ, ಅದರ ಮೇಲೊಂದು ಕೆಂಪು ಗೀಟು. ಎಲ್ಲರನ್ನೂ ಸುಮ್ಮನಾಗಿಸುವ ಭರದಲ್ಲಿ ಪ್ರಾರ್ಥಿಸಬೇಕಾದವರನ್ನೂ ಸುಮ್ಮನಾಗಿಸಿದ್ದೆ! "ನಿಮ್ಮ ಮೈಕ್ ಬಂದ್ ಆಗಿದೆ" ಎಂದು ಯಂತ್ರ ಅವರ ಪರದೆಯ ಮೇಲೆ ಖಂಡಿತ ಎಚ್ಚರಿಸಿರುತ್ತದೆ, ಆ ಎಚ್ಚರಿಕೆಯನ್ನು ಎಷ್ಟೋ ಸಲ ಪರೀಕ್ಷೆ ಮಾಡಿದವಳೇ ನಾನು. ಆದರೆ ಪರೀಕ್ಷೆ ಮಾಡುವಾಗ ಬಳಸುವವನು ಕಣ್ಣು ಮುಚ್ಚಿಕೊಂಡಿರಬಹುದೆಂಬ ಸಾಧ್ಯತೆ ನನಗಾಗಲಿ ನಮ್ಮ ಕಚೇರಿಯ ಯಾವ ಬುದ್ಧಿವಂತನಿಗಾಗಲಿ ಹೊಳೆದಿರಲಿಲ್ಲ.

ಅವರ ಮೈಕನ್ನು ನಾನು ಇಲ್ಲಿಂದ ತೆರೆಯುವಂತಿರಲಿಲ್ಲ, ಅವರೇ ತೆರೆಯಬೇಕು. ನನ್ನದನ್ನು ತೆರೆದು, "ಅಂಕಲ್, ನಿಮ್ಮ ದನಿ ಬರ್ತಿಲ್ಲ" ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಏಕೆ ಎನ್ನಲಿಲ್ಲವೆಂದು ಕೇಳುತ್ತೀರಾ? ಭಾನುವಾರ ಶಾಲೆಯಲ್ಲಿ ಕಲಿತವರನ್ನು ಕೇಳಿ ನೋಡಿ. "ಟೀಚರ್, ಇವನು ಪ್ರಾರ್ಥನೇಲಿ ಕಣ್ಣು ಬಿಟ್ಟಿದ್ದ" ಎಂದು ಚಾಡಿ ಹೇಳಿದವನಿಗೆ ಎರಡೇಟು ಹೆಚ್ಚು ಬೀಳುತ್ತಿತ್ತು, ನೀನು ಹೇಗೆ ನೋಡಿದೆ ಎಂದು. ನಲವತ್ತೇಳು ವರ್ಷದ ನಾನು ಆ ಕ್ಷಣದಲ್ಲಿ ಏಳು ವರ್ಷದವಳಾದೆ. ಅದೂ ಅಲ್ಲದೆ ಹಿರಿಯರು ದೇವರೊಡನೆ ಮಾತಾಡುತ್ತಿರುವಾಗ ನಡುವೆ ಬಾಯಿ ಹಾಕುವುದೆಂದರೆ! ಯಾರಾದರೂ ಹೇಳುತ್ತಾರೆಂದು ಕಾದೆ. ಯಾರೂ ಹೇಳಲಿಲ್ಲ. ಹನ್ನೊಂದು ನಿಮಿಷ ಅಂಕಲ್ ಪ್ರಾರ್ಥಿಸಿದರು. ನಡುವೆ ಒಮ್ಮೆ ಕನ್ನಡಕದ ಕೆಳಗೆ ಬೆರಳು ತೂರಿಸಿ ಕಣ್ಣೊರೆಸಿಕೊಂಡರು. ಕೊನೆಗೆ ಅವರು ತಲೆ ಎತ್ತಿದ ಕ್ಷಣವೇ, ಮೈಕು ತೆರೆದುಕೊಂಡ ಉಳಿದ ಏಳು ಮನೆಗಳಿಂದಲೂ "ಆಮೆನ್" ಕೇಳಿಬಂತು, ಕೀರ್ತನೆಯಲ್ಲಿ ಒಂದು ದಿನವೂ ಸಿಗದ ಹೊಂದಾಣಿಕೆಯಿಂದ. ಸದ್ದೇ ಇಲ್ಲದ ಪ್ರಾರ್ಥನೆ ಮುಗಿಯಿತೆಂದು ಕಣ್ಣು ಮುಚ್ಚಿದವರಿಗೆ ಗೊತ್ತಾಗುವುದಾದರೂ ಹೇಗೆ? ಎಲ್ಲರೂ ನೋಡುತ್ತಿದ್ದೆವು. ಅಂಕಲ್ ಆಮೇಲೂ ಸ್ವಲ್ಪ ಹೊತ್ತು ಪರದೆಯನ್ನೇ ನೋಡುತ್ತ ಕುಳಿತಿದ್ದರು. ನಾವು ಕೈಬೀಸಿದೆವು, ನಾನು ಕೂಟ ಮುಗಿಸಿದೆ.

ಆ ರಾತ್ರಿ ಊಟಕ್ಕೆ ಕುಳಿತಾಗ ಪ್ರಕಾಶ್ ಮತ್ತು ನಾನು ಇದನ್ನು ನೆನೆನೆನೆದು ನಕ್ಕೆವು ಎಂಬುದನ್ನು ಮುಚ್ಚಿಡುವುದಿಲ್ಲ. ನಾವು ಕೇಳಿಸಿಕೊಳ್ಳಲೆಂದೇನೂ ಪ್ರಾರ್ಥನೆ ಮಾಡುವುದಿಲ್ಲವಲ್ಲ, ಕೇಳಬೇಕಾದವನಿಗೆ ಕೇಳಿಸಿರುತ್ತದೆ ಎಂದು ನಾನು ದೊಡ್ಡ ವೇದಾಂತಿಯ ಹಾಗೆ ಷರಾ ಬರೆದೆ. ಅಮ್ಮನ ಚಾಪೆಯ ಮೇಲೆ ಬೆಳೆದವಳು ಹೇಳುವ ಮಾತೇ ಇದು? ಆದರೆ ಹೇಳಿದೆ.

ಎರಡು ವಾರದ ಮೇಲೆ ಕೂಟದ ವಾಟ್ಸ್ಯಾಪ್ ಗುಂಪಿನಲ್ಲಿ ಅಂಕಲ್‌ರ ಸಂದೇಶ ಬಂತು. ಕರ್ತನ ಚಿತ್ತದಂತೆ ತಾವಿಬ್ಬರೂ ಡಲ್ಲಾಸ್‌ನಲ್ಲಿರುವ ಮಗಳ ಮನೆಗೆ ಶಾಶ್ವತವಾಗಿ ಹೋಗುತ್ತಿರುವುದಾಗಿಯೂ ಕರಿಬೇವಿನ ಕುಂಡ, ಗ್ರೈಂಡರು, ಮಡಚುವ ಕುರ್ಚಿಗಳು ಬೇಕಾದವರು ಬಂದು ಒಯ್ಯಬೇಕಾಗಿಯೂ ಬರೆದಿದ್ದರು. ಕೆಳಗೆ ಸಾಲಾಗಿ ಕೈಮುಗಿದ ಚಿತ್ರಗಳು ಬಂದವು, ನನ್ನದು ಮೂರನೆಯದು. ಅವು ಬಹಳ ಅನುಕೂಲದ ಕೈಗಳು. ಹುಟ್ಟುಹಬ್ಬಕ್ಕೂ ಸಾವಿಗೂ ಅವೇ, ಕೈಮುಗಿಯುವವರು ಎದ್ದು ನಿಲ್ಲಬೇಕಾಗಿಲ್ಲ. ನಂತರ ನಾನು ಗ್ರೈಂಡರು ನನಗಿರಲೆಂದು ಬೇರೆ ಸಂದೇಶ ಕಳಿಸಿದೆ. ದೋಸೆ ಹಿಟ್ಟಿನ ವಿಷಯದಲ್ಲಿ ನನ್ನ ಆತ್ಮ ಅಷ್ಟೇನೂ ಉನ್ನತವಲ್ಲ.

ಶನಿವಾರ ಬೆಳಿಗ್ಗೆ ನಾನೂರ ಐದನೇ ಹೆದ್ದಾರಿಯಲ್ಲಿ ದಕ್ಷಿಣಕ್ಕೆ ಹೊರಟೆ. ಬಾಥೆಲ್‌ನಿಂದ ರೆಂಟನ್‌ಗೆ ಮುಕ್ಕಾಲು ಗಂಟೆಯ ದಾರಿ. ಈ ದಾರಿಯಲ್ಲಿ ಕಡೆಯ ಸಲ ಬಂದದ್ದು ಯಾವಾಗ ಎಂದು ಯೋಚಿಸಿದರೆ ನೆನಪಾಗಲಿಲ್ಲ. ಪ್ರತಿ ಗುರುವಾರ ಮುಖ ನೋಡುತ್ತಿದ್ದೆನಲ್ಲ, ಬಂದ ಹಾಗೇ ಆಗಿತ್ತು. ನಮ್ಮ ನಂಬಿಕೆಯ ತಿರುಳನ್ನು ಒಂದು ಮಾತಿನಲ್ಲಿ ಹೇಳೆಂದರೆ ನಾನು ಹೇಳುವುದು ಇಷ್ಟೇ: ದೇವರು ಸಂದೇಶದ ಮೇಲೆ ಸಂದೇಶ ಕಳಿಸಿ ನೋಡಿ, ಸಾಲದೆಂದು ಕಂಡು, ತಾನೇ ಮೈ ತಳೆದು ಬಂದ. ಕೊಟ್ಟಿಗೆಯ ವಾಸನೆ, ಬಡಗಿಯ ಕೈಯ ಬೊಬ್ಬೆ, ದಾರಿಯ ಧೂಳು ಎಲ್ಲ ಸಹಿಸಿ ಬಂದ. ಇದನ್ನು ಪ್ರತಿ ಕ್ರಿಸ್ಮಸ್ಸಿಗೆ ಬಾಯಿಪಾಠ ಒಪ್ಪಿಸುವ ನಮಗೆ ಮುಕ್ಕಾಲು ಗಂಟೆಯ ಟ್ರಾಫಿಕ್ಕು ಜಾಸ್ತಿಯಾಗಿತ್ತು. ಬೆಲ್ವ್ಯೂ ದಾಟುವಾಗ ಈ ಯೋಚನೆ ಬಂದದ್ದು ನಿಜ. ಗ್ರೈಂಡರು ಡಿಕ್ಕಿಯಲ್ಲಿ ಹಿಡಿಸುತ್ತದೋ ಇಲ್ಲವೋ ಎಂಬ ಯೋಚನೆ ಅದರ ಹಿಂದೆಯೇ ಬಂದದ್ದೂ ನಿಜ.

ಕರುಣಾ ಆಂಟಿ ಬಾಗಿಲು ತೆರೆದರು. ಮೊಣಕಾಲು ನೋವೆಂದು ಕೋಲು ಹಿಡಿದಿದ್ದರು. ಪರದೆಯಲ್ಲಿ ಕೋಲು ಕಾಣುವುದಿಲ್ಲ. ಅಂಕಲ್ ಒಳಗೆ ಪುಸ್ತಕಗಳನ್ನು ಪೆಟ್ಟಿಗೆಗೆ ತುಂಬುತ್ತಿದ್ದರು, ಒಂದೊಂದರ ಬೆನ್ನನ್ನೂ ಭೂತಗನ್ನಡಿ ಹಿಡಿದು ಓದಿ. ಆಂಟಿ ಕಾಫಿ ಕೊಟ್ಟು, ಗ್ರೈಂಡರನ್ನು ಒರೆಸುತ್ತ ಮೆಲ್ಲಗೆ ಹೇಳಿದರು:

"ನಿಮ್ಮ ಮೇಲೇನೂ ಬೇಜಾರಿಲ್ಲ ಕಣಮ್ಮ ಸುಗುಣ. ಎಲ್ರಿಗೂ ಅವರವರ ಕೆಲಸ ಇರುತ್ತೆ. ಆದ್ರೆ ಅಂಕಲ್ ಅಷ್ಟೊಂದು ಬೇಡ್ಕೊಂಡ್ಮೇಲೆ ಒಬ್ರಾದ್ರೂ ಒಂದು ಫೋನ್ ಮಾಡ್ತೀರೇನೋ ಅಂದ್ಕೊಂಡಿದ್ವಿ."

"ಏನು ಬೇಡ್ಕೊಂಡ್ರು ಆಂಟಿ?"

ಆಂಟಿ ಒರೆಸುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು. "ಕೇಳಿಸ್ಕೊಂಡು ಆಮೆನ್ ಅಂದ್ಯಲ್ಲೇ."

ಆಮೇಲೆ ತಾವೇ ಹೇಳಿದರು. ಅಂಕಲ್‌ರಿಗೆ ಬಂದಿರುವುದು ಬರೀ ಪೊರೆಯಲ್ಲ, ಕಣ್ಣೇ ಮಸುಕಾಗುತ್ತಿದೆ. ಇನ್ನು ಕಾರು ಓಡಿಸಕೂಡದೆಂದು ಡಾಕ್ಟರು ಹೇಳಿಬಿಟ್ಟಿದ್ದಾರೆ. ಆಂಟಿಗೆ ಡ್ರೈವಿಂಗ್ ಬರುವುದಿಲ್ಲ. ಡಲ್ಲಾಸಿಗೇ ಬಂದುಬಿಡಿ ಎಂದು ಮಗಳ ಒತ್ತಾಯ. ಇವರಿಬ್ಬರಿಗೂ ಬಿಟ್ಟುಹೋಗಲು ಮನಸ್ಸಿಲ್ಲ. ಅಂದು ಅಂಕಲ್ ಇದನ್ನೆಲ್ಲ ಕರ್ತನ ಮುಂದಿಟ್ಟು, ನಿನ್ನ ಚಿತ್ತವೇನೆಂದು ಈ ಜನರ ಬಾಯಿಂದಲೇ ತಿಳಿಸು, ಒಬ್ಬರಾದರೂ ಇರಿ ಎಂದರೆ ಇರುತ್ತೇವೆ ಎಂದು ಕೇಳಿಕೊಂಡರಂತೆ. ನಾವು ಆಮೆನ್ ಎಂದು ಕೈಬೀಸಿ ಹೋದೆವು. ಒಂದು ವಾರ ಕಾದು, ಯಾರಿಂದಲೂ ಮಾತಿಲ್ಲದ್ದನ್ನು ಕಂಡು, ಅಂಕಲ್ ಅದನ್ನೇ ಉತ್ತರವೆಂದು ಸ್ವೀಕರಿಸಿದ್ದರು.

ನನ್ನ ಒಂದು ಗುಂಡಿ ದೇವರ ಚಿತ್ತವಾಗಿ ಕುಳಿತಿತ್ತು! ಹೇಳಿದರೆ ಹನ್ನೊಂದು ನಿಮಿಷ ಸದ್ದಿಲ್ಲದೆ ತುಟಿಯಾಡಿಸಿದ ಹಿರಿಯರಿಗೆ ಅವಮಾನ; ಹೇಳದಿದ್ದರೆ ನಾನು ಗ್ರೈಂಡರು ಹೊತ್ತುಕೊಂಡು ಮನೆಗೆ, ಅವರು ಡಲ್ಲಾಸಿಗೆ. ಅಂಕಲ್ ಇದ್ದ ಕೋಣೆಗೆ ಹೋಗಿ ಒಂದೇ ಉಸಿರಿನಲ್ಲಿ ಒದರಿದೆ, ಕುಕ್ಕರಿನಿಂದ ಹಿಡಿದು ಕೆಂಪು ಗೀಟಿನವರೆಗೆ.

ಅಂಕಲ್ ಭೂತಗನ್ನಡಿಯನ್ನು ಕೆಳಗಿಟ್ಟರು. "ಅಂದ್ರೆ ನಾನು ಅಷ್ಟು ಹೊತ್ತೂ ಬರೀ ಬಾಯಿ ಆಡಿಸ್ತಿದ್ದೆ?"

"ಹೌದು ಅಂಕಲ್."

"ಎಲ್ರೂ ನೋಡ್ತಿದ್ರಿ?"

"ಎಲ್ರೂ."

"ಪ್ರಾರ್ಥನೇಲಿ ಕಣ್ಣು ಬಿಟ್ಕೊಂಡು?"

ನಾನು ತಲೆ ತಗ್ಗಿಸಿದೆ. ಮೊದಲು ನಕ್ಕವರು ಕರುಣಾ ಆಂಟಿ. ಬಾಗಿಲ ಚೌಕಟ್ಟು ಹಿಡಿದುಕೊಂಡು, ಕೋಲು ಬಿದ್ದುಹೋಗುವಷ್ಟು ನಕ್ಕರು. "ನೋಡೋಕೆ ಹೆಂಗಿದ್ರಮ್ಮ?" ಎಂದು ಕೇಳಿದರು. "ಭಕ್ತಿ ಎದ್ದು ಕಾಣ್ತಿತ್ತು ಆಂಟಿ" ಎಂದೆ. ಅಂಕಲ್‌ರಿಗೂ ನಗು ತಡೆಯಲಾಗಲಿಲ್ಲ. ನಕ್ಕು ನಕ್ಕು ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ ಪೆಟ್ಟಿಗೆಗಳ ಕಡೆ ನೋಡಿ, "ಮನೆ ಮಾರೋ ಏಜೆಂಟು ಸೋಮವಾರ ಬರ್ತಾನೆ, ಸಹಿ ಹಾಕ್ಬೇಕು" ಎಂದರು. ನಗು ನಿಂತಿತು.

ಆಗಲಾದರೂ ಅವರು ನೇರವಾಗಿ ಕೇಳಬಹುದಿತ್ತು, ನಾನೂ ನೇರವಾಗಿ ಹೇಳಬಹುದಿತ್ತು. ಆದರೆ ನಾವು ಮೂವರೂ ಅದೇ ಚಾಪೆಯ ಮೇಲೆ ಬೆಳೆದವರು. ಅಂಕಲ್ ಗಂಟಲು ಸರಿಮಾಡಿಕೊಂಡು, "ಪ್ರಾರ್ಥನೆ ಮಾಡೋಣ" ಎಂದರು. ಮಡಚುವ ಕುರ್ಚಿಗಳಲ್ಲಿ ಮೂವರೂ ಕುಳಿತೆವು. ಅವರು ಕಣ್ಣು ಮುಚ್ಚಿದರು. ನಾನು ಮುಚ್ಚಲಿಲ್ಲ.

"ಕರ್ತನೇ, ಕಳೆದ ಸಾರಿ ನಿನಗೊಬ್ಬನಿಗೇ ಕೇಳಿಸಿತು. ಈಗ ಮತ್ತೊಮ್ಮೆ ಅರಿಕೆ ಮಾಡುತ್ತೇನೆ. ನನ್ನ ಕಣ್ಣಿನ ಬೆಳಕು ಕುಂದುತ್ತಿದೆ, ನಾನಿನ್ನು ಕಾರು ಓಡಿಸಲಾರೆನು. ಮಂಗಳವಾರಗಳಲ್ಲಿ ನಿನ್ನ ಮಗಳಾದ ಕರುಣಳನ್ನು ಮೊಣಕಾಲಿನ ಚಿಕಿತ್ಸೆಗೆ ಕರೆದೊಯ್ಯುವವರಿಲ್ಲ. ಭಾನುವಾರ ನಿನ್ನ ಆಲಯಕ್ಕೆ ಕರೆದೊಯ್ಯುವವರಿಲ್ಲ. ಈ ಊರನ್ನೂ ಈ ಜನರನ್ನೂ ಬಿಡಲು ನಮಗೆ ಮನಸ್ಸು ಬಾರದು. ಆದರೂ..."

"ಹೋಗ್ಬೇಡಿ ಅಂಕಲ್" ಎಂದೆ. ನನ್ನ ದನಿಗೆ ನಾನೇ ಬೆಚ್ಚಿದೆ. ಪ್ರಾರ್ಥನೆಯ ನಡುವೆ ಬಾಯಿ ಹಾಕಿದ್ದು ಜೀವಮಾನದಲ್ಲಿ ಅದೇ ಮೊದಲು. "ಮಂಗಳವಾರ ನಾನು ಬರ್ತೀನಿ. ಅವತ್ತು ನನಗೆ ಮನೆಯಿಂದಾನೇ ಕೆಲಸ."

ಅಂಕಲ್ ಕಣ್ಣು ತೆರೆಯಲಿಲ್ಲ. ಅದೇ ಸ್ವರದಲ್ಲಿ ಮುಂದುವರಿಸಿದರು:

"ಮಂಗಳವಾರಕ್ಕಾಗಿ ನಿನಗೆ ಸ್ತೋತ್ರ, ಕರ್ತನೇ. ಭಾನುವಾರದ ವಿಷಯ ಇನ್ನೂ ನಿನ್ನ ಮುಂದಿದೆ."

"ಭಾನುವಾರ ಪ್ರಕಾಶ್ ಬರ್ತಾರೆ ಅಂಕಲ್. ಅವರೂ ಅವತ್ತು ಕಣ್ಣು ಬಿಟ್ಟಿದ್ರು."

ಕರುಣಾ ಆಂಟಿ, ಗಂಡ ಮುಗಿಸುವುದನ್ನು ಕಾಯದೆ, ಗಟ್ಟಿಯಾಗಿ "ಆಮೆನ್" ಎಂದರು.